ಹೊಸದಾಗಿ ಕೂರಿಸಿದ ಅಂಬಾಸಿಡರ್ ಎಂಜಿನ್: ಟ್ಯಾಪೆಟ್ ಸೆಟ್ಟಿಂಗ್, ಮೊದಲ ಸ್ಟಾರ್ಟ್

ಬದಿಯಡ್ಕದಲ್ಲಿರುವ ನಿಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್ ಎಂಜಿನ್ನನ್ನು ಬೋರ್ ಮಾಡಿಸಿ, ಹೊಸ ಕ್ಯಾಮ್ (ವಾಲ್ವ್ ತೆರೆಯಿಸುವ ಶಾಫ್ಟ್) ಹಾಕಿಸಿ ಕೂರಿಸಿದ್ದೀರಿ. ಟ್ಯಾಪೆಟ್ ಎಷ್ಟಕ್ಕೆ ಇಡಬೇಕು, ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು ಅಂತ ಕೇಳಿದ್ದೀರಿ. ನಾನು ಉಪ್ಪಳದಲ್ಲಿ ಗ್ಯಾರೇಜ್ ನಡೆಸುತ್ತೇನೆ. ನನಗೆ ಬಹಳ ಪ್ರೀತಿಯ ಎಂಜಿನ್ ಇದು.

ಟ್ಯಾಪೆಟ್ ಸೆಟ್ಟಿಂಗ್ ಅಂದರೆ ವಾಲ್ವನ್ನು ಒತ್ತುವ ರಾಕರ್ ಆರ್ಮಿಗೂ ವಾಲ್ವಿನ ತುದಿಗೂ ನಡುವಿನ ಗ್ಯಾಪ್ ಸರಿ ಮಾಡುವುದು. 1489 ಸಿಸಿ ಎಂಜಿನ್ನಿಗೆ ಈ ಗ್ಯಾಪ್ 0.015 ಇಂಚು, ಎಂಜಿನ್ ತಣ್ಣಗಿರುವಾಗ. ಪ್ಲಗ್ ನಾಲ್ಕೂ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಿದರೆ ಎಂಜಿನ್ ಸುಲಭವಾಗಿ ತಿರುಗುತ್ತದೆ. ವಾಲ್ವ್ ಒಟ್ಟು ಎಂಟು. ಲೆಕ್ಕ ಒಂಬತ್ತರದ್ದು, ಎರಡು ನಂಬರ್ ಕೂಡಿದರೆ ಒಂಬತ್ತು ಬರಬೇಕು: ಎಂಟನೆಯದು ಪೂರ್ತಿ ಕೆಳಗೆ ಒತ್ತಿಕೊಂಡಿದ್ದಾಗ ಒಂದನೆಯದನ್ನು ಸೆಟ್ ಮಾಡಿ, ಆರನೆಯದು ಒತ್ತಿದ್ದಾಗ ಮೂರನೆಯದನ್ನು. ಹೀಗೇ ಎಂಟೂ ಮುಗಿಸಿ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಎಳೆಯುವಾಗ ಕೈಗೆ ಸಣ್ಣ ಹಿಡಿತ ಗೊತ್ತಾಗಬೇಕು, ಸಿಕ್ಕಿಕೊಳ್ಳಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಸ್ವಲ್ಪ ತಿರುಗಿಬಿಡುತ್ತದೆ, ಅದಕ್ಕೇ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ. ರಾಕರ್ ಆರ್ಮ್ ಹಳೆಯದಾದರೆ ವಾಲ್ವಿಗೆ ತಾಗುವ ಜಾಗದಲ್ಲಿ ಗುಳಿ ಬಿದ್ದಿರುತ್ತದೆ. ಗೇಜ್ ಆ ಗುಳಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ಒಳಗಿನ ನಿಜವಾದ ಗ್ಯಾಪ್ ಜಾಸ್ತಿಯೇ ಇರುತ್ತದೆ. ಆಗ ಎಷ್ಟು ಸೆಟ್ ಮಾಡಿದರೂ ಟಕಟಕ ಸದ್ದು ಹೋಗುವುದಿಲ್ಲ. ಆದರೆ ಸದ್ದು ಹೋಗಲಿ ಅಂತ ಗ್ಯಾಪ್ ಕಡಿಮೆ ಮಾಡಿ ಟೈಟ್ ಮಾಡಬೇಡಿ ಮಾರಾಯ್ರೆ. ಎಕ್ಸಾಸ್ಟ್ ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯುವುದು ಸೀಟಿನ ಮೂಲಕ. ಟೈಟ್ ಆಗಿ ವಾಲ್ವ್ ಸರಿಯಾಗಿ ಕೂರದಿದ್ದರೆ ಅದು ಸುಟ್ಟೇ ಹೋಗುತ್ತದೆ.

ಇನ್ನು ಸ್ಟಾರ್ಟಿಂಗ್. ಕಾಯಿಲ್‌ನ ವಯರ್ ತೆಗೆದು, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯಿರಿ. ಸ್ವಲ್ಪ ಹೊತ್ತು ಹೊಡೆದು ಸೆಲ್ಫ್ ತಣಿಯಲು ಬಿಡಿ. ಆಯಿಲ್ ಲೈಟ್ ಆರಬೇಕು, ರಾಕರ್ ಮೇಲೆ ಆಯಿಲ್ ಬರುವುದು ಕಣ್ಣಿಗೆ ಕಾಣಬೇಕು. ಆಮೇಲೆಯೇ ಪ್ಲಗ್ ಹಾಕಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ, 1-3-4-2. ಪುಲ್ಲಿ ಮಾರ್ಕ್ ಒಂದನ್ನೇ ನಂಬಬೇಡಿ, ಒಂದನೇ ಸಿಲಿಂಡರಿನ ಒಂದು ಫೈರಿಂಗಿಗೆ ಅದು ಎರಡು ಸಲ ಬರುತ್ತದೆ. ಮಾರ್ಕ್ ಬಂದು, ಒಂದನೇ ಸಿಲಿಂಡರಿನ ವಾಲ್ವ್ ಎರಡೂ ಮುಚ್ಚಿರುವಾಗ ಡಿಸ್ಟ್ರಿಬ್ಯೂಟರಿನ ರೋಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ತಿರುಗು ತುಂಡು) ಒಂದನೇ ಪ್ಲಗ್ ವಯರಿನ ಕಡೆ ನೋಡುತ್ತಿರಬೇಕು. ಕಾರ್ಬ್ಯುರೇಟರಿನಿಂದ ಫಟ್ ಅಂತ ಹೊಡೆದರೆ ಮೊದಲು ಇದನ್ನೇ ನೋಡಿ.

ಎಂಜಿನ್ ಸ್ಟಾರ್ಟ್ ಆದ ಮೇಲೆ ಸುಮ್ನೆ ಐಡಲಿನಲ್ಲಿ ಬಿಡಬೇಡಿ. ಹೊಸ ಕ್ಯಾಮಿಗೆ ಆಯಿಲ್ ಬಹುಪಾಲು ಕ್ರಾಂಕಿನಿಂದ ಚಿಮ್ಮಿಯೇ ಸಿಗುವುದು, ಸ್ಪೀಡ್ ಕಡಿಮೆಯಾದರೆ ಅದು ಸಾಲದು. 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ, ಸ್ವಲ್ಪ ಏರಿಸುತ್ತಾ ಇಳಿಸುತ್ತಾ ಓಡಿಸಿ. ಅಷ್ಟು ಹೊತ್ತೂ ಒಬ್ಬರ ಕಣ್ಣು ಆಯಿಲ್ ಲೈಟಿನ ಮೇಲೆ, ಇನ್ನೊಬ್ಬರದ್ದು ರೇಡಿಯೇಟರ್ ಮೇಲೆ ಇರಲಿ. ಲೈಟ್ ಹೊತ್ತಿದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ.

ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ. ಗ್ಯಾಸ್ಕೆಟ್ ಕೂತಷ್ಟು ಹೆಡ್ ಕೆಳಗಿಳಿಯುತ್ತದೆ, ಆದರೆ ಕ್ಯಾಮ್ ಕಡೆಯಿಂದ ರಾಕರನ್ನು ಮೇಲೆ ತಳ್ಳುವ ಪುಶ್‌ರಾಡ್‌ನ ಉದ್ದ ಹಾಗೇ ಇರುತ್ತದಲ್ವಾ, ಗ್ಯಾಪ್ ಕಡಿಮೆಯಾಗುತ್ತದೆ. ಅದಕ್ಕೆ ಟ್ಯಾಪೆಟ್ ಕೂಡ ಮತ್ತೆ ಸೆಟ್ ಮಾಡಲೇಬೇಕು. ಮೊದಲ 500 ಕಿಲೋಮೀಟರ್ ಹೈವೇ ಹಿಡಿದು ಒಂದೇ ಸ್ಪೀಡಿನಲ್ಲಿ ಮಂಗಳೂರಿಗೆ ಹೋಗಬೇಡಿ. ನಿಮ್ಮ ಕಡೆಯ ಏರು ಇಳಿತದ ರಸ್ತೆಗಳಲ್ಲೇ ಓಡಿಸಿ, ಪಿಸ್ಟನ್ ರಿಂಗ್ ಚೆನ್ನಾಗಿ ಕೂರುತ್ತದೆ. ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ.