ಹಿಂಪಡೆದ ಗ್ಯಾಲಕ್ಸಿ ನೋಟ್ 7 ಅನ್ನು ಈಗಲೂ ಬಳಸಬಹುದೇ?

ನಿಮ್ಮ ಪ್ರಶ್ನೆ ನನಗೆ ತಿಳಿದ ಮಟ್ಟಿಗೆ ಹೀಗಿದೆ: ಡಲ್ಲಾಸ್‌ನಲ್ಲಿರುವ ನಿಮ್ಮ ಭಾವನವರು 2016ರಲ್ಲಿ ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನನ್ನು, ಕಂಪನಿ ವಾಪಸು ಕೇಳಿದಾಗಲೂ ಕೊಡದೆ ಇಟ್ಟುಕೊಂಡಿದ್ದಾರೆ, ಇಂಟರ್ನೆಟ್ ಸಂಪರ್ಕ ಕೊಡದೆ ಇದ್ದುದರಿಂದ ಚಾರ್ಜಿಂಗ್ ನಿಲ್ಲಿಸುವ ಅಪ್‌ಡೇಟ್ ಅದಕ್ಕೆ ಬಂದಿಲ್ಲ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ಮುಂದಿನ ಸಲ ಊರಿಗೆ ಬರುವಾಗ ಅದನ್ನು ನಿಮಗೆ ತಂದುಕೊಡುವ ಯೋಚನೆಯಲ್ಲಿದ್ದಾರೆ. ಬೇಡ ಎಂದು ಹೇಳಿಬಿಡಿ. ನಾನು ಮೈಸೂರಿನಲ್ಲಿ ಮೊಬೈಲ್ ದುರಸ್ತಿ ಮಾಡಿ ಜೀವನ ನಡೆಸುವವನು. ಹಳೆಯ ಫೋನನ್ನು ಎಸೆಯಬೇಡಿ, ರಿಪೇರಿ ಮಾಡಿಸಿ ಬಳಸಿ ಎನ್ನುವುದೇ ನನ್ನ ವೃತ್ತಿ. ಆದರೂ ಈ ಒಂದು ಮಾಡೆಲ್ ವಿಷಯದಲ್ಲಿ ಆ ಮಾತು ಹೇಳಲಾರೆ.

ಭಾವನವರ ವಾದಕ್ಕೆ ಲೆಕ್ಕದ ಬೆಂಬಲ ಇಲ್ಲದಿಲ್ಲ. 2016ರ ಸೆಪ್ಟೆಂಬರ್ 15ರಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸುಮಾರು 10 ಲಕ್ಷ ಫೋನುಗಳನ್ನು ಹಿಂಪಡೆಯುವ ಪ್ರಕಟಣೆ ಹೊರಡಿಸಿದಾಗ, ಆ ದೇಶದಲ್ಲಿ ಬ್ಯಾಟರಿ ಮಿತಿಮೀರಿ ಬಿಸಿಯಾದ 92 ದೂರುಗಳು ದಾಖಲಾಗಿದ್ದವು. 26 ಕಡೆ ಸುಟ್ಟ ಗಾಯಗಳಾಗಿದ್ದವು, 55 ಕಡೆ ಆಸ್ತಿ ಹಾನಿಯಾಗಿತ್ತು. ಅಂದರೆ ಹೆಚ್ಚುಕಡಿಮೆ ಹತ್ತು ಸಾವಿರ ಫೋನಿಗೆ ಒಂದು. ಕೇಳಲು ಸಣ್ಣ ಸಂಖ್ಯೆ. ಆದರೆ ಫೋನು ಮಾರುಕಟ್ಟೆಗೆ ಬಂದದ್ದು ಆಗಸ್ಟ್ 19ರಂದು. ಅಷ್ಟೂ ದೂರುಗಳು ಬಂದದ್ದು ನಾಲ್ಕು ವಾರಗಳೂ ತುಂಬುವ ಮೊದಲು, ಎಲ್ಲವೂ ಹೊಚ್ಚಹೊಸ ಫೋನುಗಳಿಂದ.

ಕಂಪನಿ 2017ರ ಜನವರಿಯಲ್ಲಿ ಕಾರಣಗಳನ್ನು ಬಹಿರಂಗಪಡಿಸಿತು, ಮತ್ತು ನನ್ನ ಉತ್ತರ ನಿಂತಿರುವುದು ಅದರ ಮೇಲೆಯೇ. ಬ್ಯಾಟರಿಯ ಒಳಗೆ ಧನ ಮತ್ತು ಋಣ ಹಾಳೆಗಳನ್ನು ಸುರುಳಿ ಸುತ್ತಿ, ಅವು ಒಂದಕ್ಕೊಂದು ತಾಗದಂತೆ ನಡುವೆ ಅತಿ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಇಟ್ಟಿರುತ್ತಾರೆ. ಮೊದಲ ತಯಾರಕರ ಬ್ಯಾಟರಿಯಲ್ಲಿ ಹೊರಚೀಲದೊಳಗೆ ಸಾಕಷ್ಟು ಜಾಗವಿಲ್ಲದೆ ಮೇಲಿನ ಬಲ ಮೂಲೆಯಲ್ಲಿ ಋಣ ಹಾಳೆ ಬಾಗಿತ್ತು. ಹಿಂಪಡೆದ ಫೋನುಗಳಿಗೆ ಬದಲಿಯಾಗಿ ಕೊಟ್ಟ ಫೋನುಗಳಲ್ಲಿದ್ದ ಇನ್ನೊಬ್ಬ ತಯಾರಕರ ಬ್ಯಾಟರಿಯಲ್ಲಿ ವೆಲ್ಡಿಂಗ್ ಮಾಡಿದ ಕಡೆ ಉಳಿದ ಚೂಪಾದ ಲೋಹದ ಮೊನೆಗಳು ಪೊರೆಯನ್ನು ಚುಚ್ಚಿ ಒಳಗೇ ಶಾರ್ಟ್ ಮಾಡುತ್ತಿದ್ದವು. ಕೆಲವಕ್ಕೆ ಇರಬೇಕಾದ ಇನ್ಸುಲೇಷನ್ ಟೇಪೇ ಇರಲಿಲ್ಲ. ಇವುಗಳಲ್ಲಿ ಯಾವುದೂ ಬಳಸುವವರ ಕೈಯಲ್ಲಿಲ್ಲ. ಒಳ್ಳೆಯ ಚಾರ್ಜರ್ ಹಾಕುತ್ತೇನೆ, ರಾತ್ರಿಯಿಡೀ ಚಾರ್ಜಿಗೆ ಇಡುವುದಿಲ್ಲ, ಬಿಸಿಲಿಗೆ ಒಡ್ಡುವುದಿಲ್ಲ ಎನ್ನುವ ಎಚ್ಚರಿಕೆಗಳೆಲ್ಲ ಬೇರೆ ಫೋನುಗಳಿಗೆ ಸರಿ. ಇಲ್ಲಿ ದೋಷ ಕಾರ್ಖಾನೆಯಲ್ಲೇ ಒಳಗೆ ಸೇರಿ ಸೀಲ್ ಆಗಿದೆ. ಆಫ್ ಮಾಡಿದರೂ ಪಾರಾಗುವಂತಿಲ್ಲ. 2016ರ ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್ ವಿಮಾನ ನಿಲ್ದಾಣದಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್‌ನ ವಿಮಾನವೊಂದು ಹೊರಡುವ ಮೊದಲು, ಸಿಬ್ಬಂದಿ ಹೇಳಿದಂತೆ ಪ್ರಯಾಣಿಕರೊಬ್ಬರು ಆಫ್ ಮಾಡಿ ಜೇಬಿಗೆ ಹಾಕಿಕೊಂಡ ನೋಟ್ 7 ಹೊಗೆಯಾಡತೊಡಗಿತು. ನೆಲಕ್ಕೆ ಬಿಟ್ಟಾಗ ಕೆಳಗಿನ ಕಾರ್ಪೆಟ್ ಸುಟ್ಟಿತು, ಎಲ್ಲರನ್ನೂ ಇಳಿಸಬೇಕಾಯಿತು. ಅದು ಸುರಕ್ಷಿತವೆಂದು ಬದಲಿಸಿ ಕೊಟ್ಟ ಫೋನು. ಕೆಲವೇ ದಿನಗಳಲ್ಲಿ ಕಂಪನಿ ತಯಾರಿಕೆಯನ್ನೇ ಕೈಬಿಟ್ಟಿತು.

ವರ್ಷಗಳು ಕಳೆದಂತೆ ಅಪಾಯ ಸವೆದುಹೋಗಿರಬಹುದಲ್ಲವೇ ಎಂದೂ ಕೇಳಿದ್ದೀರಿ. ನನ್ನ ಮೇಜಿನ ಮೇಲೆ ದಿನವೂ ಕಾಣುವುದು ಇದಕ್ಕೆ ವಿರುದ್ಧವಾದದ್ದು. ಡ್ರಾಯರ್‌ನಲ್ಲಿ ಬಹುಕಾಲ ಬಿದ್ದಿದ್ದ ಒಳ್ಳೆಯ ಕಂಪನಿಯ ಫೋನುಗಳೇ ಹಿಂಬದಿಯ ಗಾಜು ಅಂಚಿನಲ್ಲಿ ಬಿಟ್ಟುಕೊಂಡು ಬರುತ್ತವೆ. ತೆರೆದರೆ ಬ್ಯಾಟರಿ ಪೂರಿಯಂತೆ ಉಬ್ಬಿರುತ್ತದೆ, ಚೀಲ ಎಲ್ಲಾದರೂ ಸೀಳಿದ್ದರೆ ನೇಲ್ ಪಾಲಿಶ್ ರಿಮೂವರ್‌ನಂಥ ಸಿಹಿಮಿಶ್ರಿತ ವಾಸನೆ ಮೂಗಿಗೆ ಹೊಡೆಯುತ್ತದೆ. ಒಳಗೆ ಅನಿಲ ಸೇರಿ ಹಾಳೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ಮೊದಲೇ ಜಾಗ ಸಾಲದೆ ಮೂಲೆ ಬಾಗಿದ್ದ ಬ್ಯಾಟರಿಗೆ ವಯಸ್ಸು ಒಳ್ಳೆಯದನ್ನು ಮಾಡುತ್ತದೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇನ್ನು ತರುವ ಮಾತು. ಅಮೆರಿಕದ ಸಾರಿಗೆ ಇಲಾಖೆ 2016ರ ಅಕ್ಟೋಬರ್ 14ರಂದು ಆದೇಶ ಹೊರಡಿಸಿ, ಈ ಫೋನನ್ನು ಮೈಮೇಲಾಗಲಿ, ಕೈಚೀಲದಲ್ಲಾಗಲಿ, ಚೆಕ್ ಇನ್ ಲಗೇಜಿನಲ್ಲಾಗಲಿ ವಿಮಾನದೊಳಗೆ ಒಯ್ಯುವುದನ್ನು ನಿಷೇಧಿಸಿತು. ಮುಂದೆ ಕೈಬಿಟ್ಟದ್ದು ಹತ್ತುವ ಮುನ್ನ ಈ ಬಗ್ಗೆ ಘೋಷಣೆ ಮಾಡಬೇಕೆಂಬ ನಿಯಮವನ್ನು ಮಾತ್ರ. ಯಾರಿಗೂ ತಿಳಿಯದಂತೆ ಸೂಟ್‌ಕೇಸಿನ ಬಟ್ಟೆಗಳ ನಡುವೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಹೊಗೆ ಬಂದರೆ ನಂದಿಸಲು ಯಾರೂ ಹತ್ತಿರ ಇರುವುದಿಲ್ಲ. ನಿಮಗೆ ಉಚಿತವಾಗಿ ಸಿಗುವ ಫೋನಿಗಾಗಿ, ಅದರ ಸುದ್ದಿಯೇ ಗೊತ್ತಿಲ್ಲದ ಇನ್ನೂರು ಮುನ್ನೂರು ಜನ ಅಪಾಯ ಹೊರುವುದು ನ್ಯಾಯವಲ್ಲ. ಭಾರತದಲ್ಲಿ 59,900 ರೂಪಾಯಿ ಬೆಲೆ ಘೋಷಣೆಯಾಗಿದ್ದರೂ ಗ್ರಾಹಕರ ಕೈಗೆ ಸೇರುವ ಮೊದಲೇ ಮಾರಾಟ ನಿಂತಿತು, ಹಾಗಾಗಿ ಬ್ಯಾಟರಿ ಬದಲಿಸೋಣವೆಂದು ಇಲ್ಲಿನ ಸರ್ವಿಸ್ ಸೆಂಟರ್‌ನಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಮಾರುಕಟ್ಟೆಯಲ್ಲಿ ಸ್ಟಿಕರ್ ಅಂಟಿಸಿ ಮಾರುವ ಊರುಹೆಸರಿಲ್ಲದ ಬ್ಯಾಟರಿಯನ್ನು ಇದಕ್ಕೆ ಹಾಕಿಕೊಡಿ ಎಂದರೆ ನಾನಂತೂ ಒಪ್ಪುವುದಿಲ್ಲ.

ಹಿಂಪಡೆತ ಎಂದು ಕಿವಿಗೆ ಬಿದ್ದ ಕೂಡಲೇ ಎಲ್ಲ ಫೋನನ್ನೂ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಪ್ರಕಟಣೆ ಏನು ಮಾಡಲು ಹೇಳುತ್ತಿದೆ ಎಂಬುದನ್ನು ನೋಡಬೇಕು. 2025ರಲ್ಲಿ ಗೂಗಲ್ ಪಿಕ್ಸೆಲ್ 6ಎ ಫೋನುಗಳಿಗೆ ಕಡ್ಡಾಯ ಅಪ್‌ಡೇಟ್ ಕೊಟ್ಟು, 400 ಚಾರ್ಜ್ ಸುತ್ತು (ಪೂರ್ತಿ ತುಂಬಿ ಇಳಿಯುವುದು ಒಂದು ಸುತ್ತು) ದಾಟಿದ ಕೆಲವು ಬ್ಯಾಟರಿಗಳ ಸಾಮರ್ಥ್ಯವನ್ನು ತಗ್ಗಿಸಿತು. ಅಂಥ ಫೋನನ್ನು ಅಪ್‌ಡೇಟ್ ಹಾಕಿಸಿ, ಸಾಧ್ಯವಾದರೆ ಬ್ಯಾಟರಿ ಬದಲಿಸಿ ಬಳಸಬಹುದು. ನೋಟ್ 7ರ ವಿಷಯದಲ್ಲಿ ಬಂದ ಸೂಚನೆ ಬಳಕೆ ನಿಲ್ಲಿಸಿ, ಆಫ್ ಮಾಡಿ, ಹಿಂತಿರುಗಿಸಿ ಎಂದು.

ಅದರಲ್ಲಿರುವ ಮಗುವಿನ ಫೋಟೋಗಳೇ ಭಾವನವರಿಗೆ ಮುಖ್ಯ ಎಂದು ಬರೆದಿದ್ದೀರಿ. ಬ್ಯಾಟರಿಯಲ್ಲಿ ಈಗ ಉಳಿದಿರುವ ಚಾರ್ಜಿನಲ್ಲೇ, ಫೋನನ್ನು ಹಾಸಿಗೆ, ಸೋಫಾ, ಪರದೆಗಳಿಂದ ದೂರ ಟೈಲ್ಸ್ ನೆಲದ ಮೇಲಿಟ್ಟು, ವೈಫೈ ಮೂಲಕ ಬೇರೆ ಫೋನಿಗೆ ಕಳುಹಿಸಿಕೊಳ್ಳಲಿ. ಕಂಪ್ಯೂಟರಿಗೆ ಕೇಬಲ್ ಚುಚ್ಚಿದರೆ ಅದೂ ಚಾರ್ಜ್ ಮಾಡಿದಂತೆಯೇ. ವೈಫೈಗೆ ಸೇರಿದಾಗ ಚಾರ್ಜಿಂಗ್ ನಿಲ್ಲಿಸುವ ಆ ಅಪ್‌ಡೇಟ್ ಬಂದರೆ ಬರಲಿ. ಚಾರ್ಜ್ ಪೂರ್ತಿ ಇಳಿದಿದ್ದರೆ ಸ್ವತಃ ಚಾರ್ಜಿಗೆ ಹಾಕುವುದು ಬೇಡ: ಅನುಭವವಿರುವ ದುರಸ್ತಿಗಾರರು ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಡಿಸಿ ಪವರ್ ಸಪ್ಲೈಯಿಂದ ನೇರವಾಗಿ ಬೋರ್ಡಿಗೆ ವಿದ್ಯುತ್ ಕೊಟ್ಟು ಫೋನ್ ಆನ್ ಮಾಡಬಲ್ಲರು. ಆಮೇಲೆ ಅದನ್ನು ಮನೆಯ ಕಸಕ್ಕಾಗಲಿ, ಅಂಗಡಿಗಳಲ್ಲಿರುವ ಹಳೆಯ ಬ್ಯಾಟರಿ ಡಬ್ಬಿಗಾಗಲಿ ಹಾಕಬಾರದು. ಅವರ ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮೊದಲು ಫೋನ್ ಮಾಡಿ, ಹಿಂಪಡೆದ ಲಿಥಿಯಂ ಬ್ಯಾಟರಿ ತೆಗೆದುಕೊಳ್ಳುತ್ತೀರಾ ಎಂದು ಆ ಮಾತನ್ನೇ ಬಳಸಿ ಕೇಳಿ, ಹೌದೆಂದ ಮೇಲೆ ಕೊಂಡೊಯ್ಯಲಿ.