ಕರ್ನಲ್ ಮಾಡ್ಯೂಲ್‌ನಲ್ಲಿ ಸೆಕೆಂಡಿಗೊಮ್ಮೆ ಸೆನ್ಸರ್ ಓದೋದು ಹೇಗೆ?

ನಿಮ್ಮ ಲಿನಕ್ಸ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಕೋಡ್ ತುಂಡು) ಸೆಕೆಂಡಿಗೊಮ್ಮೆ ಐ2ಸಿ ಸೆನ್ಸರ್, ಅಂದರೆ ಐ2ಸಿ ಎಂಬ ಎರಡು ತಂತಿಯ ಬಸ್ಸಿಗೆ ಜೋಡಿಸಿದ ಸೆನ್ಸರ್, ಓದಬೇಕು. ಟೈಮರ್ ಹಾಕಿದರೆ ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿಯಲ್ಲಿ) 'ಷೆಡ್ಯೂಲಿಂಗ್ ವೈಲ್ ಅಟಾಮಿಕ್' ಅಂತ ಬರುತ್ತಿದೆ, ಅಲ್ವಾ? ಟೈಮರ್‌ನಲ್ಲಿ ದೋಷವಿಲ್ಲ. ಅದರ ಕಾಲ್‌ಬ್ಯಾಕ್ (ಸಮಯವಾದಾಗ ಕರೆಯಲ್ಪಡುವ ಫಂಕ್ಷನ್) ಓಡೋದು ಸಾಫ್ಟ್‌ಐಆರ್‌ಕ್ಯೂನಲ್ಲಿ, ಅಂದರೆ ಕರ್ನಲ್‌ನ ಇಂಟರಪ್ಟ್ ಸಂಬಂಧಿ ತುರ್ತು ಕೆಲಸದ ಹಂತದಲ್ಲಿ. ಅಲ್ಲಿ ಯಾರೂ ನಿದ್ದೆ ಮಾಡುವಂತಿಲ್ಲ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುವಂತಿಲ್ಲ. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್) ಹಿಡಿಯುವಂತಿಲ್ಲ, ಜಿಎಫ್‌ಪಿ_ಕರ್ನಲ್ (ಬೇಕಾದರೆ ಕಾಯಬಹುದು ಎನ್ನುವ ಗುರುತು) ಕೊಟ್ಟು ಮೆಮೊರಿ ಕೇಳುವಂತಿಲ್ಲ. ಐ2ಸಿಯಲ್ಲಿ ಉತ್ತರ ಬರುವ ತನಕ ಕಾಯಬೇಕಾಗುತ್ತದೆ, ಕಾಯುವುದೆಂದರೆ ನಿದ್ದೆಯೇ.

ಇಂಥ ಕೆಲಸಕ್ಕೆ ನಾನು ಯಾವಾಗಲೂ ಡಿಲೇಡ್ ವರ್ಕ್ (ನಿಗದಿತ ಸಮಯದ ನಂತರ ಓಡುವ ಕೆಲಸ) ಬಳಸುತ್ತೇನೆ. ಇದು ಕೆವರ್ಕರ್ ಎಂಬ ಕರ್ನಲ್ ಥ್ರೆಡ್‌ನಲ್ಲಿ ಓಡುತ್ತದೆ, ನಿದ್ದೆಗೆ ಅಡ್ಡಿಯಿಲ್ಲ. ಇನಿಟ್ ಫಂಕ್ಷನ್‌ನಲ್ಲಿ ಇನಿಟ್_ಡಿಲೇಡ್_ವರ್ಕ್ ಬರೆದು, ಷೆಡ್ಯೂಲ್_ಡಿಲೇಡ್_ವರ್ಕ್ ಕರೆಯಿರಿ. ವರ್ಕ್ ಫಂಕ್ಷನ್ ತನ್ನ ಕೆಲಸ ಮುಗಿಸಿ, ಕೊನೆಯ ಸಾಲಿನಲ್ಲಿ ತನ್ನನ್ನೇ ಮತ್ತೆ ಷೆಡ್ಯೂಲ್ ಮಾಡಿಕೊಳ್ಳಲಿ.

ಸಮಯವನ್ನು ಎಂಸೆಕ್ಸ್_ಟು_ಜಿಫೀಸ್(1000) ಅಂತಲೇ ಕೊಡಿ. ಜಿಫಿ ಅಂದರೆ ಕರ್ನಲ್ ಗಡಿಯಾರದ ಒಂದು ಟಿಕ್, ಎಚ್‌ಜೆಡ್ ಅಂದರೆ ಸೆಕೆಂಡಿಗೆ ಎಷ್ಟು ಟಿಕ್ ಅನ್ನೋದು. ಸುಮ್ನೆ 250 ಅಂತ ಬರೆದರೆ, ಎಚ್‌ಜೆಡ್ 250 ಇರುವ ಕರ್ನಲ್‌ನಲ್ಲಿ ಅದು ಒಂದು ಸೆಕೆಂಡು, 1000 ಇರುವಲ್ಲಿ ಕಾಲು ಸೆಕೆಂಡು.

ಇದರಲ್ಲಿ ಸ್ವಲ್ಪ ಜಾರಿಕೆ ಇದೆ. ಓದಲು 30 ಮಿಲಿಸೆಕೆಂಡ್ ಹಿಡಿದರೆ ಮುಂದಿನ ಸರದಿಯೂ ಅಷ್ಟು ತಡ. ತಾಪಮಾನ ಓದುವವರಿಗೆ ಇದೇನೂ ದೊಡ್ಡದಲ್ಲ. ಮಿಲಿಸೆಕೆಂಡಿಗಿಂತ ಸಣ್ಣ ನಿಖರತೆ ಬೇಕಿದ್ದರೆ ಎಚ್‌ಆರ್‌ಟೈಮರ್ (ಹೆಚ್ಚು ನಿಖರತೆಯ ಟೈಮರ್) ಇದೆ, ಆದರೆ ಅದರ ಕಾಲ್‌ಬ್ಯಾಕ್‌ನಲ್ಲೂ ನಿದ್ದೆ ನಿಷಿದ್ಧ.

ಇನ್ನು ಮಾಡ್ಯೂಲ್ ತೆಗೆಯುವಾಗ ಓಡುವ ಎಕ್ಸಿಟ್ ಫಂಕ್ಷನ್. ಜಾಸ್ತಿ ಜನ ಎಡವುವುದು ಇಲ್ಲೇ, ದಯವಿಟ್ಟು ಗಮನ ಕೊಡಿ. ಅಲ್ಲಿ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್ ಕರೆಯಲೇಬೇಕು. ಕೊನೆಯ 'ಸಿಂಕ್' ಬಿಟ್ಟರೆ, ಇನ್ನೊಂದು ಸಿಪಿಯುನಲ್ಲಿ ನಿಮ್ಮ ಫಂಕ್ಷನ್ ಅರ್ಧ ಓಡಿರುವಾಗಲೇ ಮಾಡ್ಯೂಲ್ ಹೊರಟುಹೋಗಬಹುದು. ಆಗ ಮುಂದಿನ ಇನ್‌ಸ್ಟ್ರಕ್ಷನ್ ಇದ್ದ ಮೆಮೊರಿಯೇ ಇರುವುದಿಲ್ಲ, ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಗಂಭೀರ ದೋಷ) ಆಗುತ್ತದೆ. ಸಿಂಕ್ ಇದ್ದರೆ ಓಡುತ್ತಿರುವುದು ಮುಗಿಯುವ ತನಕ ಕಾಯುತ್ತದೆ. ವರ್ಕ್ ತನ್ನನ್ನೇ ಮತ್ತೆ ಕ್ಯೂಗೆ ಹಾಕಿಕೊಳ್ಳಲು ಹೋದರೂ ತಡೆಯುತ್ತದೆ, ಅದಕ್ಕೆಂದು ಬೇರೆ ಫ್ಲಾಗ್ ಬೇಕಿಲ್ಲ.

ಕ್ಯಾನ್ಸಲ್ ಆದ ಮೇಲೆಯೇ ಬಫರ್‌ಗಳನ್ನು ಕೆಫ್ರೀ ಮಾಡಿ (ಅವುಗಳ ಮೆಮೊರಿ ಬಿಟ್ಟುಕೊಡಿ). ವರ್ಕ್ ಫಂಕ್ಷನ್ ಯಾವುದಾದರೂ ಮ್ಯೂಟೆಕ್ಸ್ ಹಿಡಿಯುತ್ತಿದ್ದರೆ, ಅದೇ ಮ್ಯೂಟೆಕ್ಸ್ ಹಿಡಿದುಕೊಂಡು ಕ್ಯಾನ್ಸಲ್ ಕರೆಯಬೇಡಿ. ವರ್ಕ್ ಲಾಕ್‌ಗಾಗಿ ಕಾಯುತ್ತದೆ, ನೀವು ವರ್ಕ್‌ಗಾಗಿ ಕಾಯುತ್ತೀರಿ, ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯುವ ಕಮಾಂಡ್) ಅಲ್ಲೇ ನಿಂತುಬಿಡುತ್ತದೆ.