ಶಾರ್ತ್ರ್ ನೆಲಮಾಳಿಗೆಯ ಮೇರಿ ಮಾತೆ ಎಷ್ಟು ಹಳಬಳು?

ಪ್ರಶ್ನೆ: ಸರ್, ಫ್ರಾನ್ಸ್‌ನ ಶಾರ್ತ್ರ್ ಕೆಥೆಡ್ರಲ್‌ಗೆ ಹೋಗಿದ್ವಿ. ನೆಲಮಾಳಿಗೇಲಿ ಮೇರಿ ಮಾತೆಯ ಚಾಪೆಲ್ ಇದೆ. ಅಲ್ಲಿರೋ ಮೂರ್ತಿನ ಯೇಸು ಹುಟ್ಟೋಕೆ ಮುಂಚೇನೇ ಅಲ್ಲಿನ ಹಳೇ ಧರ್ಮದ ಡ್ರೂಯಿಡ್ ಪುರೋಹಿತರು ಪೂಜಿಸ್ತಿದ್ರು ಅಂತ ಜೊತೇಲಿದ್ದೋರು ಹೇಳಿದ್ರು, ನಿಜಾನಾ?

ಉತ್ತರ: ಮೂರ್ತಿ ಅಷ್ಟು ಹಳೇದಲ್ಲ. ಮಗುನ ತೊಡೆ ಮೇಲೆ ಕೂರಿಸ್ಕೊಂಡಿದ್ದ ಹಳೇ ಮರದ ಮೂರ್ತಿನ 1793ರಲ್ಲಿ ಫ್ರೆಂಚ್ ಕ್ರಾಂತಿ ಟೈಮಲ್ಲಿ ಕ್ರಾಂತಿಕಾರಿಗಳು ಸುಟ್ಟುಬಿಟ್ರು, 1857ರಲ್ಲಿ ಇನ್ನೊಂದು ಮಾಡಿಸಿದ್ರು, ನೀವು ನೋಡಿದ್ದು ಅದೂ ಅಲ್ಲ, 1976ರಲ್ಲಿ ಇಟ್ಟಿದ್ದು. ಇನ್ನು ಡ್ರೂಯಿಡ್ ಕಥೆ. ಈ ಸೀಮೇಲಿ ಡ್ರೂಯಿಡ್‌ಗಳು ವರ್ಷಕ್ಕೊಂದ್ಸಲ ಸಭೆ ಸೇರ್ತಿದ್ರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ, ಆದ್ರೆ ಮೂರ್ತಿ ವಿಷಯ ಅವನು ಎತ್ತೇ ಇಲ್ಲ, ಅದು ಬರಹದಲ್ಲಿ ಕಾಣಿಸ್ಕೊಳ್ಳೋದು 14ನೇ ಶತಮಾನದ ಕೊನೇಲಿ.

ಹಂಗಂತ ಜಾಗಾನ ಕಡೆಗಣಿಸ್ಬೇಡಿ ದಯವಿಟ್ಟು, ನಿಜವಾಗ್ಲೂ ಪುರಾತನ ಆಗಿರೋದು ಅದೇ. 1020ರಲ್ಲಿ ಚರ್ಚ್ ಸುಟ್ಟುಹೋದ್ಮೇಲೆ ಬಿಷಪ್ ಫುಲ್ಬರ್ಟ್ ಕಟ್ಟಿಸಿದ ನೆಲಮಾಳಿಗೆ ಇದು, ಇವತ್ತಿಗೂ ಫ್ರಾನ್ಸಲ್ಲೇ ಅತಿ ದೊಡ್ಡದು. ಇದರೊಳಗೇ 9ನೇ ಶತಮಾನದ ಇನ್ನೊಂದು ಚಿಕ್ಕ ನೆಲಮಾಳಿಗೆ ಇದೆ, ಸೇಂಟ್ ಲೂಬಿನ್ ಹೆಸರಲ್ಲಿ.

1194ರಲ್ಲಿ ಮತ್ತೆ ಬೆಂಕಿ ಬಿತ್ತು. ಮೇರಿ ಮಾತೆ ಉಟ್ಟಿದ್ದು ಅಂತ ಭಕ್ತರು ನಂಬೋ ಬಟ್ಟೆ, 876ರಲ್ಲಿ ರಾಜ ಚಾರ್ಲ್ಸ್ ಕೊಟ್ಟಿದ್ದು, ಅದೂ ಬೂದಿ ಆಯ್ತು ಅಂತ ಊರೇ ಗೋಳಾಡ್ತು. ಆದ್ರೆ ಕೆಲವು ಪಾದ್ರಿಗಳು ಅದನ್ನ ಎತ್ಕೊಂಡು ಕೆಳಗೆ ಇಳಿದಿದ್ರು, ಮೇಲೆ ಮರದ ಸೂರು ಉರಿದು ಬೀಳ್ತಿದ್ರೂ ಕಲ್ಲಿನ ಕಮಾನು ಜಗ್ಗಲಿಲ್ಲ, ಮೂರು ದಿನ ಆದ್ಮೇಲೆ ಬಟ್ಟೆ ಸಮೇತ ಜೀವಂತ ಹೊರಗ್ ಬಂದ್ರು! ಆ ಸುದ್ದಿ ಕೇಳಿನೇ ಜನ ಹೊಸ ಕೆಥೆಡ್ರಲ್‌ಗೆ ಕೈಜೋಡಿಸಿದ್ದು, ಗೋಡೆಗಳನ್ನೂ ಇದೇ ನೆಲಮಾಳಿಗೆ ಮೇಲೇನೇ ಎಬ್ಬಿಸಿದ್ರು, ಹಂಗಾಗಿ ಮೇಲಿನ ಕಟ್ಟಡದ ಅಗಲ ಎಷ್ಟಿರಬೇಕು ಅಂತ ತೀರ್ಮಾನ ಮಾಡಿದ್ದೂ ಈ ಕೆಳಗಿನ ಗೋಡೆಗಳೇ.

ಚಾಪೆಲ್ ಹತ್ರಾನೇ ಇರೋ ಬಾವಿ ನೋಡಿದ್ರಾ? ಸುಮಾರು 33 ಮೀಟರ್ ಆಳ, ಕ್ರೈಸ್ತ ಹುತಾತ್ಮರ ದೇಹಗಳನ್ನ ಅದರೊಳಗೆ ಎಸೆದಿದ್ರು ಅನ್ನೋ ನಂಬಿಕೆಯಿಂದ ಯಾತ್ರಿಕರು ಅದರ ನೀರಿಗಂತಾನೇ ಬರ್ತಿದ್ರು. 17ನೇ ಶತಮಾನದಲ್ಲಿ ಮುಚ್ಚಿಬಿಟ್ರು, ಎಲ್ಲಿತ್ತು ಅನ್ನೋದೇ ಮರೆತುಹೋಗಿತ್ತು, 1901ರಲ್ಲಿ ಅಗೆದಾಗ ಮತ್ತೆ ಸಿಕ್ತು.